ನಟ್ಟು ಬಿಚ್ಚಿದರೂ ರೂಟರ್ ಬಿಟ್ ಬರುತ್ತಿಲ್ಲವೇ? ಇನ್ನೊಂದು ಸಲ ಬಿಚ್ಚಿ

ಪ್ರಶ್ನೆ: ಶಿರಸಿ ಹತ್ತಿರ ನನ್ನದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಮಳೆಗಾಲಕ್ಕೆ ಮುಂಚೆ ಬಾಗಿಲ ಚೌಕಟ್ಟಿನ ಅಂಚು ಗುಂಡು ಮಾಡಲು ರೂಟರಿಗೆ (ಮರದ ಅಂಚು ಕೊರೆಯುವ ಕೈಮಷಿನ್) ಬಿಟ್, ಅಂದರೆ ಕೊರೆಯುವ ಅಲಗು ಹಾಕಿದ್ದೆ. ಆಮೇಲೆ ಮಳೆ ಹಿಡಿಯಿತು, ಮಷಿನ್ ಹಾಗೇ ಮೂಲೆಯಲ್ಲಿ ಉಳಿಯಿತು. ಈಗ ಬಿಟ್ ತೆಗೆಯಲು ಬರುತ್ತಿಲ್ಲ. ನಟ್ಟು ಸಡಿಲವಾಗಿದೆ. ಒಂದು ಸುತ್ತು ಕೈಯಲ್ಲೇ ತಿರುಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಮುರಿದೀತು ಅಂತ ಅಲ್ಲಿಗೇ ನಿಲ್ಲಿಸಿದೆ. ಇಕ್ಕಳದಲ್ಲಿ ಎಳೆದೆ, ಬಿಟ್ಟಿನ ತಲೆ ಮೇಲೆ ಸುತ್ತಿಗೆಯಿಂದ ಎರಡು ಏಟು ಕೊಟ್ಟೂ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಬಹುದೇ? ಮಷಿನ್ನಿನಲ್ಲಿ ಬಿಟ್ ಹಿಡಿಯುವ ಕಾಲೆಟ್ ಅರ್ಧ ಇಂಚಿನದು. ಬಿಟ್ ಆನ್‌ಲೈನ್‌ನಲ್ಲಿ ತರಿಸಿದ್ದು, 12 ಎಂಎಂ. ಕೆಲಸ ಮಾಡುವಾಗ ಅದು ಕೆಳಗೆ ಜಾರುತ್ತಿತ್ತು, ಅದಕ್ಕೇ ಪಾನಾಕ್ಕೆ ಪೈಪ್ ಸಿಕ್ಕಿಸಿ ಬಿಗಿ ಮಾಡಿದ್ದೆ.

ಉತ್ತರ: ಟಾರ್ಚ್ ಬೇಡ. ಸುತ್ತಿಗೆಯನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪ್ರಶ್ನೆಯಲ್ಲೇ ಎರಡು ಸುಳಿವು ಇವೆ. ಒಂದು, ನಟ್ಟು ಸಡಿಲವಾಗಿ ಮತ್ತೆ ಗಟ್ಟಿಯಾಗುತ್ತದೆ ಅಂದಿರಿ. ಇನ್ನೊಂದು, ಅರ್ಧ ಇಂಚಿನ ಕಾಲೆಟ್ಟಿಗೆ 12 ಎಂಎಂ ಬಿಟ್ ಹಾಕಿದ್ದೇನೆ ಅಂದಿರಿ. ಮೊದಲನೆಯದು ಬಿಟ್ ಹೊರಗೆ ಬರುವ ದಾರಿ. ಎರಡನೆಯದು ಅದು ಸಿಕ್ಕಿಬಿದ್ದ ಕಾರಣ.

ಮೊದಲು ನಟ್ಟಿನ ವಿಷಯ. ಕಾಲೆಟ್ ಅಂದರೆ ಸೀಳು ಬಿಟ್ಟ ಉಕ್ಕಿನ ಕೊಳವೆ. ಹೊರಮೈ ಒಳಗೆ ಹೋಗುತ್ತಾ ಸಣ್ಣದಾಗುತ್ತದೆ. ಸ್ಪಿಂಡಲ್ಲಿನ (ಮೋಟಾರ್ ತಿರುಗಿಸುವ ದಂಡದ) ಬಾಯಿಯೂ ಅದೇ ಇಳಿಜಾರಿನಲ್ಲಿ ಕೊರೆದಿರುತ್ತದೆ. ನಟ್ಟು ಬಿಗಿ ಮಾಡಿದರೆ ಕಾಲೆಟ್ ಒಳಗೆ ಇಳಿಯುತ್ತದೆ, ಸೀಳುಗಳು ಮುಚ್ಚಿಕೊಳ್ಳುತ್ತವೆ, ಬಿಟ್ಟಿನ ಶ್ಯಾಂಕ್ (ಕಾಲೆಟ್ಟಿನೊಳಗೆ ಹೋಗುವ ಉದ್ದನೆಯ ಕಾಲು) ಸುತ್ತ ಹಿಡಿತ ಬೀಳುತ್ತದೆ. ಕೊಡಲಿ ಕಾವಿಗೆ ಬೆಣೆ ಹೊಡೆದ ಹಾಗೆ. ಬೆಣೆಯ ಸ್ವಭಾವವೇ ಅದು, ಒತ್ತಡ ತೆಗೆದರೂ ತಾನಾಗಿ ಹೊರಗೆ ಬರುವುದಿಲ್ಲ. ಇಳಿಜಾರು ಕಡಿಮೆ ಇದ್ದಷ್ಟೂ ಜಾಸ್ತಿ ಕಚ್ಚಿಕೊಳ್ಳುತ್ತದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್‌ಗಳಲ್ಲಿ ಬರುವ, ಇಆರ್ ಅನ್ನುವ ಬಗೆಯ ಕಾಲೆಟ್ಟಿನ ಇಳಿಜಾರು ಒಂದು ಬದಿಗೆ 8 ಡಿಗ್ರಿ. ಉಕ್ಕಿನ ಮೇಲೆ ಉಕ್ಕು ಕಚ್ಚಿ ಕೂರಲು ಅಷ್ಟು ಸಾಕು.

ಹಾಗಾಗಿ ಒಳ್ಳೆಯ ರೂಟರ್‌ಗಳಲ್ಲಿ ಕಾಲೆಟ್ಟನ್ನು ನಟ್ಟಿನ ಒಳಗೇ ಒಂದು ಅಂಚಿಗೋ ರಿಂಗಿಗೋ ಸಿಕ್ಕಿಸಿರುತ್ತಾರೆ. ನಟ್ಟನ್ನು ಬಿಚ್ಚುವಾಗ ಮೊದಲು ಬಿಗಿ ಬಿಡುತ್ತದೆ. ಆಮೇಲೆ ಸುಮಾರು ಒಂದು ಸುತ್ತು ಸಲೀಸಾಗಿ ತಿರುಗುತ್ತದೆ. ಅಲ್ಲಿಂದ ಮುಂದೆ ನಟ್ಟಿನ ಒಳ ಅಂಚು ಕಾಲೆಟ್ಟಿನ ಕುತ್ತಿಗೆಗೆ ತಾಗಿ ಅದನ್ನು ಹೊರಗೆ ಎಳೆಯಲು ಶುರುಮಾಡುತ್ತದೆ. ಆಗಲೇ ಎರಡನೇ ಸಲ ಗಟ್ಟಿಯಾಗುವುದು. ಅದು ಮುರಿಯುವ ಸೂಚನೆ ಅಲ್ಲ, ನಟ್ಟು ತನ್ನ ಕೆಲಸ ಶುರುಮಾಡಿದ ಸೂಚನೆ. ಪಾನಾ ಹಾಕಿ ಅದೇ ದಿಕ್ಕಿನಲ್ಲಿ ಇನ್ನೂ ಸ್ವಲ್ಪ ಒತ್ತಿದರೆ ‘ಟಕ್’ ಅಂತ ಬಿಡುತ್ತದೆ. ಸಿಕ್ಕಿಬಿದ್ದಿದೆ ಅಂತ ರಿಪೇರಿಗೆ ಬರುವ ರೂಟರ್‌ಗಳಲ್ಲಿ ಬಹಳಷ್ಟಕ್ಕೆ ಬೇಕಾಗಿರುವುದು ಇಷ್ಟೇ. ಬಿಟ್ ತೆಗೆಯಲು ಎರಡು ಸಲ ಬಿಚ್ಚಬೇಕು ಅಂತ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಡಬ್ಬದಲ್ಲಿರುವ ಪುಸ್ತಕವನ್ನು ನಾವೂ ಓದುವುದಿಲ್ಲ, ಅಲ್ವಾ?

ಈಗ ಹೀಗೆ ಮಾಡಿ. ಮೊದಲು ಪ್ಲಗ್ಗನ್ನು ಸಾಕೆಟ್ಟಿನಿಂದ ಎಳೆದು, ನಿಮಗೆ ಕಾಣುವ ಕಡೆ ಇಡಿ. ಸ್ವಿಚ್ ಆಫ್ ಮಾಡಿದ್ದು ಸಾಲದು. ಕೆಲವು ರೂಟರ್‌ಗಳ ಸ್ವಿಚ್ ಒತ್ತಿದಲ್ಲೇ ಲಾಕ್ ಆಗುವಂಥದ್ದು. ಬಿಟ್ಟಿನ ಅಲಗುಗಳಿಗೆ ಹಳೇ ಬಟ್ಟೆಯನ್ನೋ ಚರ್ಮದ ತುಂಡನ್ನೋ ಸುತ್ತಿ. ನಿಂತ ಬಿಟ್ ಕೂಡ ಕೈ ಕೊಯ್ಯುತ್ತದೆ, ಪಾನಾ ಜಾರಿದರೆ ಗೆಣ್ಣು ನೇರ ಹೋಗಿ ಬಡಿಯುವುದು ಅಲಗಿಗೇ. ಮಷಿನ್ನನ್ನು ಬೆಂಚಿನ ಮೇಲೆ ಮಲಗಿಸಿ, ಕೆಳಗೆ ಗೋಣಿಚೀಲ ಹಾಸಿ.

ದಿಕ್ಕನ್ನು ಒಮ್ಮೆ ಖಚಿತ ಮಾಡಿಕೊಳ್ಳಿ. ಬಿಟ್ ನಿಮ್ಮ ಮುಖಕ್ಕೆ ಇರುವ ಹಾಗೆ ನೋಡಿದರೆ, ಗಡಿಯಾರದ ಮುಳ್ಳಿಗೆ ಎದುರು ತಿರುಗಿಸಿದಾಗ ಬಿಚ್ಚುತ್ತದೆ. ಮಷಿನ್ ನೆಟ್ಟಗೆ ನಿಂತಿದ್ದು ನೀವು ಮೋಟಾರಿನ ಮೇಲಿಂದ ಬಗ್ಗಿ ನೋಡುತ್ತಿದ್ದರೆ ಅದೇ ಉಲ್ಟಾ ಕಾಣುತ್ತದೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡಿಕೊಳ್ಳುವುದು ಹೀಗೆ.

ಸ್ಪಿಂಡಲ್ ತಿರುಗದ ಹಾಗೆ ಹಿಡಿಯಲು ಒಂದು ಬಟನ್ ಇರುತ್ತದಲ್ಲ, ಅದು ದಿನನಿತ್ಯದ ಬಿಚ್ಚಾಟಕ್ಕೆ ಸರಿ. ಇಂಥ ಸಂದರ್ಭಕ್ಕೆ ಅಲ್ಲ. ಒಳಗೆ ಇರುವುದು ಒಂದು ಸಣ್ಣ ಪಿನ್. ಜೋರು ಬಿದ್ದರೆ ಪಿನ್ ಬಾಗುತ್ತದೆ, ಇಲ್ಲವೇ ಅದು ಕೂತಿರುವ ಅಲ್ಯುಮಿನಿಯಂ ಬಾಡಿ ಬಿರಿಯುತ್ತದೆ. ಸ್ಪಿಂಡಲ್ ಮೇಲೆ ಪಾನಾ ಕೂರುವ ಚಪ್ಪಟೆ ಜಾಗ ಇದ್ದರೆ ಎರಡು ಪಾನಾ ಬಳಸಿ, ಒಂದು ಸ್ಪಿಂಡಲ್ಲಿಗೆ, ಒಂದು ನಟ್ಟಿಗೆ. ಎರಡೂ ಹಿಡಿಗಳನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಹತ್ತಿರ ತಂದು, ಒಂದೇ ಮುಷ್ಟಿಯಲ್ಲಿ ಹಿಡಿದು ಅದುಮಿ. ತೋಳಿನ ಬಲದಲ್ಲಿ ಎಳೆಯುವುದಕ್ಕಿಂತ ಅಂಗೈಯ ಬಲದಲ್ಲಿ ಅದುಮುವುದು ಒಳ್ಳೆಯದು. ಬಿಟ್ಟುಕೊಂಡಾಗ ಕೈ ಎಲ್ಲಿಗೋ ಹಾರುವುದಿಲ್ಲ. ಜಾಗ ಇಲ್ಲದ ಮಷಿನ್ ಆದರೆ ಬಟನ್ನೇ ಗತಿ. ಆಗ ಒಂದೇ ಸಮ ಎಳೆಯಿರಿ, ಪಾನಾಕ್ಕೆ ಸುತ್ತಿಗೆ ಏಟು ಬೇಡ, ಪೈಪ್ ಅಂತೂ ಬೇಡವೇ ಬೇಡ.

ಹೀಗೆ ಮಾಡಿದರೆ ಹತ್ತರಲ್ಲಿ ಎಂಟು ಸಲ ಬಿಡುತ್ತದೆ ಅಂತ ಅಂದಾಜಿಗೆ ಹೇಳಬಹುದು. ಆದರೆ ನಿಮ್ಮದಕ್ಕೆ ಪೈಪ್ ಬಿದ್ದಿದೆ, ಮಳೆಗಾಲವೂ ಕಳೆದಿದೆ. ಬಿಡದಿದ್ದರೆ ಮುಂದಿನದು ಓದಿ.

ನಟ್ಟಿನ ಎರಡನೇ ಬಿಗಿ ಬಂದಲ್ಲೇ ನಿಲ್ಲಿಸಿ, ಅಂದರೆ ನಟ್ಟು ಕಾಲೆಟ್ಟನ್ನು ಎಳೆದು ಹಿಡಿದಿರುವಾಗ. ಈಗ ಹಿತ್ತಾಳೆಯ ತುಂಡನ್ನೋ ಕೊಡತಿಯನ್ನೋ ತೆಗೆದುಕೊಂಡು ನಟ್ಟಿನ ಪಕ್ಕಕ್ಕೆ ಸಣ್ಣಗೆ ಬಡಿಯಿರಿ. ಪಕ್ಕಕ್ಕೆ ಅಂದೆ, ಮೇಲಿಂದ ಅಲ್ಲ. ಸ್ಪಿಂಡಲ್ಲನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಬಡಿಯಿರಿ. ಹೀಗೆ ಸುತ್ತಲೂ ಒಂದು ಬಳಸು. ಬಾಗಿಲು ತಟ್ಟುವಷ್ಟು ಜೋರು ಸಾಕು. ಶಬ್ದಕ್ಕೆ ಕಿವಿ ಕೊಡಿ. ಕಚ್ಚಿಕೊಂಡಿರುವಷ್ಟು ಹೊತ್ತು ಇಡೀ ಸ್ಪಿಂಡಲ್ ಒಂದೇ ತುಂಡಾಗಿ ‘ಠಣ್’ ಅನ್ನುತ್ತದೆ. ಬಿಟ್ಟ ಕ್ಷಣಕ್ಕೆ ದನಿ ಒಡೆದು ‘ಟಪ್’ ಆಗುತ್ತದೆ, ಪಾನಾ ಹಿಡಿದ ಕೈಗೆ ನಟ್ಟು ಹಗುರವಾಗಿದ್ದೂ ಗೊತ್ತಾಗುತ್ತದೆ.

ನೀವು ಮೇಲಿಂದ ಕೊಟ್ಟ ಎರಡು ಏಟಿನಿಂದ ಏನಾಯಿತು ಅಂದರೆ, ಬಿಟ್ ಮತ್ತು ಕಾಲೆಟ್ ಇನ್ನೂ ಒಳಗೆ ಇಳಿದಿವೆ. ಬೆಣೆಯ ತಲೆಗೆ ಹೊಡೆದರೆ ಬೆಣೆ ಸಡಿಲವಾಗುತ್ತದೆಯೇ? ಜೊತೆಗೆ ಆ ಏಟು ಸ್ಪಿಂಡಲ್ ಮೂಲಕ ನೇರ ಬೇರಿಂಗಿಗೆ ಹೋಗುತ್ತದೆ. ಒಳಗಿನ ಗುಂಡುಗಳು ತಾವು ಓಡುವ ಹಾದಿಯಲ್ಲಿ ಸಣ್ಣ ಸಣ್ಣ ತಗ್ಗು ಮೂಡಿಸುತ್ತವೆ. ಈಗ ಕಾಣುವುದಿಲ್ಲ, ಆಮೇಲೆ ಮಷಿನ್ ಓಡುವಾಗ ಗರಗರ ಅನ್ನುತ್ತದೆ. ಬಿಟ್ ಬಂದ ಮೇಲೆ ಸ್ಪಿಂಡಲ್ಲನ್ನು ಬೆರಳಲ್ಲಿ ನಿಧಾನ ತಿರುಗಿಸಿ ನೋಡಿ. ಒಂದೇ ಸಮ ತಿರುಗಿದರೆ ಚಿಂತೆ ಇಲ್ಲ. ಮರಳು ಸಿಕ್ಕಿದ ಹಾಗೆ ತಡೆತಡೆದು ತಿರುಗಿದರೆ, ಅಥವಾ ಹಿಡಿದು ಅಲ್ಲಾಡಿಸಿದಾಗ ಅಕ್ಕಪಕ್ಕ ಆಡಿದರೆ, ಬೇರಿಂಗ್ ಬದಲಿಸಬೇಕು. ಕಾರ್ಬೈಡ್ ಅಲಗಿಗೂ ಸುತ್ತಿಗೆ ಆಗಿಬರುವುದಿಲ್ಲ. ಬಲು ಗಟ್ಟಿ, ಅಷ್ಟೇ ಪೆಡಸು, ಗಾಜಿನ ಚೂರಿನಂತೆ ಸಿಡಿಯುತ್ತದೆ. ಇನ್ನು ಮುಂದೆ ಈ ಕೆಲಸದಲ್ಲಿ ಕನ್ನಡಕ ಹಾಕಿಕೊಳ್ಳಿ.

ಬಡಿದರೂ ಬಾರದಿದ್ದರೆ ಎಣ್ಣೆ. ತುಕ್ಕು ಬಿಡಿಸುವ ಸ್ಪ್ರೇ ಯಾವುದಾದರೂ ಆದೀತು, ಡಬ್ಲ್ಯುಡಿ-40 ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಹಾಕುವ ರೀತಿ ಮುಖ್ಯ. ಬಿಟ್ ಮೇಲಕ್ಕೆ ಮಾಡಿ ಸುರಿದರೆ ಎಣ್ಣೆ ಇಳಿದು ಬೇರಿಂಗಿಗೆ ಹೋಗುತ್ತದೆ, ಅಲ್ಲಿನ ಗ್ರೀಸ್ ತೊಳೆದು ಹಾಕುತ್ತದೆ. ಮಷಿನ್ ಮಲಗಿದ್ದ ಹಾಗೇ ಇರಲಿ. ಸ್ಪ್ರೇಯ ಸಣ್ಣ ನಳಿಗೆಯನ್ನು ಕಾಲೆಟ್ಟಿನ ಸೀಳಿಗೆ ಇಟ್ಟು ಒಂದೊಂದು ಸೀಳಿಗೆ ಒಂದೆರಡು ಹನಿ ಬಿಡಿ. ನಟ್ಟಿನ ಹಿಂಬದಿಯ ಥ್ರೆಡ್ಡಿಗೂ ಸ್ವಲ್ಪ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಅದೇ ಕ್ರಮ, ಎರಡನೇ ಬಿಗಿಗೆ ತಂದು ಪಕ್ಕಕ್ಕೆ ತಟ್ಟುವುದು. ಒಂದೇ ದಿನಕ್ಕೆ ಆಗಲಿಲ್ಲ ಅಂತ ಬೇಸರ ಬೇಡ. ತುಕ್ಕಿನ ಒಳಗೆ ಎಣ್ಣೆ ಇಳಿಯುವುದು ನಮ್ಮ ಅವಸರದಲ್ಲಿ ಅಲ್ಲ. ತುಕ್ಕಿಗಿಂತ ಮರದ ಅಂಟು ಜಾಸ್ತಿ ಅಂತ ಅನ್ನಿಸಿದರೆ, ಅಂದರೆ ಪೈನ್, ಪ್ಲೈವುಡ್, ಎಂಡಿಎಫ್ ಕೆಲಸವೇ ಹೆಚ್ಚು ಮಾಡಿದ್ದರೆ, ಸೀಮೆಎಣ್ಣೆಯೋ ಥಿನ್ನರೋ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಥಿನ್ನರನ್ನು ಮಷಿನ್ನಿನ ಪ್ಲಾಸ್ಟಿಕ್ ಭಾಗಕ್ಕೆ ತಾಗಿಸಬೇಡಿ, ಕರಗಿಸುತ್ತದೆ.

ಇನ್ನು ಶಾಖ. ಕಾಯಿಸಬಾರದು ಅಂತಲ್ಲ, ಬೆಂಕಿಯಿಂದ ಕಾಯಿಸಬಾರದು. ಕಾಲೆಟ್ ಸ್ಪ್ರಿಂಗ್ ಗುಣದ ಉಕ್ಕು. ಸುಮಾರು 300 ಡಿಗ್ರಿಗೆ ಹೋದರೆ ಉಕ್ಕಿನ ಮೇಲೆ ನೀಲಿ ಬಣ್ಣ ಬರುತ್ತದೆ, ಟಾರ್ಚ್ ಹಿಡಿದರೆ ಆ ಬಣ್ಣ ಬರಲು ಹೊತ್ತು ಬೇಡ. ಅಷ್ಟು ಕಾದ ಕಾಲೆಟ್ಟನ್ನು ಮತ್ತೆ ನಂಬುವ ಹಾಗಿಲ್ಲ. ಅದಕ್ಕೂ ಮುಂಚೆಯೇ ಬೇರಿಂಗಿನ ಗ್ರೀಸ್ ಹೋಗಿರುತ್ತದೆ, ರಬ್ಬರ್ ಸೀಲ್ ಇದ್ದರೆ ಅದೂ. ಎಣ್ಣೆ ಹಾಕಿದ ಜಾಗಕ್ಕೆ ಬೆಂಕಿ ಹಿಡಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಬಿಸಿಗಾಳಿಯ ಗನ್ ಇದ್ದರೆ ಅದನ್ನು ಕಡಿಮೆಯಲ್ಲಿಟ್ಟು ಬಳಸಿ, ಇಲ್ಲದಿದ್ದರೆ ಮನೆಯ ಹೇರ್ ಡ್ರೈಯರ್ ಸಾಕು. ಮೊದಲು ಎಣ್ಣೆ ಪೂರ್ತಿ ಒರೆಸಿ. ನಟ್ಟು ಮತ್ತು ಸ್ಪಿಂಡಲ್ಲಿನ ಮೂತಿಗೆ ಗಾಳಿ ಬೀಳಲಿ, ಬಿಟ್ಟಿನ ತಲೆಗೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಸುತ್ತಿ. ಹೊರಗಿನದು ಬಿಸಿ, ಒಳಗಿನದು ತಣ್ಣಗೆ, ಅದೇ ಉಪಾಯ. ಲೆಕ್ಕ ಹಾಕಿದರೆ 12 ಎಂಎಂ ದಪ್ಪದ ಉಕ್ಕು 60 ಡಿಗ್ರಿ ಬಿಸಿಯಾದರೆ ಹಿಗ್ಗುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ತುಕ್ಕಿನ ಪದರ ಬಿರುಕು ಬಿಡಲು ಅಷ್ಟೇ ಸಾಕಾಗುತ್ತದೆ. ಮುಟ್ಟಿದರೆ ಕೈ ಹಿಂದೆ ತೆಗೆಯುವಷ್ಟು ಬಿಸಿಯಾದರೆ ನಿಲ್ಲಿಸಿ. ಪೂರ್ತಿ ಕಾರ್ಬೈಡಿನ ಬಿಟ್ ಆಗಿದ್ದರೆ ಈ ಉಪಾಯ ಇನ್ನೂ ಚೆನ್ನಾಗಿ ನಡೆಯುತ್ತದೆ, ಕಾರ್ಬೈಡ್ ಹಿಗ್ಗುವುದು ಉಕ್ಕಿನ ಅರ್ಧದಷ್ಟೇ.

ಕಾಲೆಟ್ ಸ್ಪಿಂಡಲ್ಲಿನಿಂದ ಬಿಟ್ಟಿದೆ, ಬಿಟ್ ಮಾತ್ರ ಕಾಲೆಟ್ಟಿನ ಒಳಗೇ ಉಳಿದಿದೆ ಅಂದರೆ ಅರ್ಧ ಗೆದ್ದಂತೆ. ನಟ್ಟು, ಕಾಲೆಟ್, ಬಿಟ್ ಮೂರನ್ನೂ ಒಟ್ಟಿಗೆ ಕಳಚಿಕೊಳ್ಳಿ. ಈಗ ಮಷಿನ್ನಿಗೆ ಏಟು ಬೀಳುವ ಭಯ ಇಲ್ಲ. ವೈಸಿನ ಬಾಯಿ ಬಿಟ್ ಇಳಿಯುವಷ್ಟು ತೆರೆದು, ನಟ್ಟು ಅದರ ಮೇಲೆ ಕೂರುವ ಹಾಗೆ, ಬಿಟ್ ಕೆಳಗೆ ನೇತಾಡುವ ಹಾಗೆ ಇಡಿ. ಹಿಂದಿನಿಂದ, ಅಂದರೆ ಕಾಲೆಟ್ಟಿನ ಸಣ್ಣ ತುದಿಯ ಕಡೆಯಿಂದ, ಶ್ಯಾಂಕಿಗಿಂತ ಸ್ವಲ್ಪ ಸಣ್ಣ ಹಿತ್ತಾಳೆ ಸರಳು ಇಟ್ಟು ತಟ್ಟಿ. ಕೆಳಗೆ ಮರದ ಹೊಟ್ಟು ತುಂಬಿದ ಡಬ್ಬ ಇರಲಿ, ಬಿಟ್ ಅದರೊಳಗೆ ಬೀಳಲಿ. ಬಿಟ್ ಕಾಲೆಟ್ಟಿನ ಮಟ್ಟಕ್ಕೇ ತುಂಡಾಗಿ ಹೋದವರಿಗೂ ಇದೇ ದಾರಿ.

ಕೆಲವು ಟ್ರಿಮ್ಮರ್ (ಸಣ್ಣ ರೂಟರ್) ಮತ್ತು ಅಗ್ಗದ ರೂಟರ್‌ಗಳಲ್ಲಿ ಕಾಲೆಟ್ಟೇ ಬೇರೆ, ನಟ್ಟೇ ಬೇರೆ. ನಟ್ಟು ಪೂರ್ತಿ ಕೈಗೆ ಬರುತ್ತದೆ, ಕಾಲೆಟ್ ಸ್ಪಿಂಡಲ್ಲಿನಲ್ಲೇ ಕೂತಿರುತ್ತದೆ. ಎರಡನೇ ಬಿಗಿ ಅಂತ ಅದಕ್ಕೆ ಇಲ್ಲವೇ ಇಲ್ಲ. ಅಂಥದ್ದಕ್ಕೆ ನಟ್ಟನ್ನು ಒಂದೆರಡು ಥ್ರೆಡ್ ಹಾಕಿ ಸಡಿಲ ಬಿಟ್ಟು, ಶ್ಯಾಂಕಿನ ಪಕ್ಕಕ್ಕೆ ಕೊಡತಿಯಲ್ಲಿ ತಟ್ಟಿದರೆ ಬಿಡುತ್ತದೆ. ಅಲಗಿಗೆ ತಾಗಿಸದೆ ಶ್ಯಾಂಕಿಗೇ ತಟ್ಟಬೇಕು. ಗ್ರಿಪ್ ಪ್ಲೈಯರಿನಲ್ಲಿ ಶ್ಯಾಂಕ್ ಹಿಡಿದು ತಿರುಚುವುದು ಕೊನೆಯ ಉಪಾಯ. ಹಿಡಿದರೆ ಎಳೆಯುವ ಬದಲು ತಿರುಚಿ, ತಿರುಚುತ್ತಾ ಎಳೆಯಿರಿ. ಹಲ್ಲಿನ ಗುರುತು ಬಿದ್ದ ಶ್ಯಾಂಕನ್ನು ಮತ್ತೆ ಕಾಲೆಟ್ಟಿಗೆ ಹಾಕುವ ಹಾಗಿಲ್ಲ, ಆ ಬಿಟ್ ಹೋಯಿತು ಅಂತಲೇ ಲೆಕ್ಕ. ಇಕ್ಕಳದಲ್ಲಿ ಈಗಾಗಲೇ ಎಳೆದಿದ್ದೀರಿ, ಹಾಗಾಗಿ ನಿಮ್ಮ ಬಿಟ್ಟಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ.

ಬಿಟ್ ಬಂತು ಅಂದುಕೊಳ್ಳೋಣ. ಎಸೆಯಬೇಡಿ, ಅದರ ಶ್ಯಾಂಕನ್ನು ಬೆಳಕಿಗೆ ಹಿಡಿದು ನೋಡಿ. ಸರಿಯಾದ ಕಾಲೆಟ್ಟಿನಲ್ಲಿ ಇದ್ದ ಶ್ಯಾಂಕಿನ ಮೇಲೆ ಹಿಡಿತದ ಗುರುತು ಇದ್ದರೂ ಉದ್ದಕ್ಕೂ ಒಂದೇ ಸಮ, ತೆಳುವಾಗಿ ಇರುತ್ತದೆ. ನಿಮ್ಮದರಲ್ಲಿ ಬಹುಶಃ ಬಾಯಿಯ ಹತ್ತಿರ ಕಪ್ಪು ಅಥವಾ ಕಂದು ಬಳೆ ಒಂದು ಕಾಣುತ್ತದೆ, ಒಳಗಿನ ಭಾಗ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಆ ಬಳೆಯ ಮೇಲೆ ಉಗುರು ಎಳೆದರೆ ತರಿತರಿ ಸಿಗುತ್ತದೆ. ಅಂದರೆ ಕಾಲೆಟ್ ಹಿಡಿದಿದ್ದು ತುದಿಯಲ್ಲಿ ಮಾತ್ರ. ಬಿಟ್ ಒಳಗೇ ಜಾರಿದೆ, ಜಾರುವಾಗ ಉಕ್ಕು ಉಕ್ಕನ್ನು ಉಜ್ಜಿ ಹರಿದಿದೆ. ಕೆಂಪು ಕೋಕೋ ಪುಡಿಯಂಥದ್ದು ಸೀಳುಗಳಿಂದ ಉದುರಿದರೆ ಅದು ಮಳೆಯ ತುಕ್ಕು ಮಾತ್ರ ಅಲ್ಲ. ಎರಡು ಉಕ್ಕಿನ ಮೈಗಳು ಕಣ್ಣಿಗೆ ಕಾಣದಷ್ಟು ಅಲುಗಿ ಅಲುಗಿ ಉಜ್ಜಿಕೊಂಡರೆ ಬೇಸಿಗೆಯಲ್ಲೂ ಅದೇ ಪುಡಿ ಬರುತ್ತದೆ.

ಯಾಕೆ ಹೀಗಾಯಿತು? ಅರ್ಧ ಇಂಚು ಅಂದರೆ 12.7 ಎಂಎಂ. ನಿಮ್ಮ ಬಿಟ್ 12. ಕೈಗೆ ಹೆಚ್ಚುಕಡಿಮೆ ಒಂದೇ ಅನ್ನಿಸುತ್ತದೆ, ಕಾಲೆಟ್ಟಿಗೆ 0.7 ಎಂಎಂ ತುಂಬಾ ದೊಡ್ಡ ಅಂತರ. ಅಷ್ಟು ಮುಚ್ಚಿಕೊಳ್ಳಲು ಅದನ್ನು ಮಾಡಿಲ್ಲ. ಪೈಪ್ ಹಾಕಿ ಬಲವಂತಕ್ಕೆ ಮುಚ್ಚಿಸಿದರೆ ಬಾಯಿ ಮಾತ್ರ ಒಳಗೆ ಬಾಗುತ್ತದೆ. ಬಿಟ್ ಜಾರುತ್ತಿದ್ದಾಗ ಬೇಕಾಗಿದ್ದು ಹೆಚ್ಚು ಬಿಗಿ ಅಲ್ಲ, ಬೇರೆ ಕಾಲೆಟ್. ನಿಮಿಷಕ್ಕೆ 20 ಸಾವಿರ ಸುತ್ತಿನ ವೇಗದಲ್ಲಿ ಬಿಟ್ ಬರೀ ಜಾರಿದ್ದಕ್ಕೇ ನಿಂತಿದ್ದು ನಿಮ್ಮ ಪುಣ್ಯ, ಹೊರಗೇ ಹಾರಬಹುದಿತ್ತು. ಟ್ರಿಮ್ಮರಿನಲ್ಲೂ ಇದೇ ಕಥೆ. ಅಲ್ಲಿ ಕಾಲು ಇಂಚು ಅಂದರೆ 6.35, ಇನ್ನೊಂದು 6. ನಮ್ಮಲ್ಲಿ ಎರಡೂ ಅಳತೆಯ ಬಿಟ್ ಒಂದೇ ಡಬ್ಬದಲ್ಲಿ ಬಿದ್ದಿರುತ್ತವೆ, ಅಂಗಡಿಯವರೂ ‘ಎರಡೂ ಒಂದೇ ಸಾರ್’ ಅಂದುಬಿಡುತ್ತಾರೆ.

ವರ್ನಿಯರ್ ಇದ್ದರೆ ಅಳೆಯಿರಿ. ಇಲ್ಲದಿದ್ದರೆ ಪಾನಾ ಸೆಟ್ಟಿನ 12ರ ಬಾಯಿಗೆ ಶ್ಯಾಂಕ್ ತೂರಿಸಿ ನೋಡಿ. 12 ಎಂಎಂ ಆದರೆ ಸಲೀಸಾಗಿ ಹೋಗುತ್ತದೆ, ಅರ್ಧ ಇಂಚಿನದು ಹೋಗುವುದೇ ಇಲ್ಲ. 6ರ ಪಾನಾದಿಂದ ಕಾಲು ಇಂಚನ್ನೂ ಹೀಗೇ ಬೇರೆ ಮಾಡಬಹುದು. ಬೇರೆ ಮಾಡಿದ ಮೇಲೆ ಒಂದು ಅಳತೆಯ ಬಿಟ್ಟುಗಳಿಗೆಲ್ಲ ಪೇಂಟ್ ಬೊಟ್ಟು ಇಟ್ಟುಬಿಡಿ.

ಹಳೇ ಕಾಲೆಟ್ಟನ್ನು ಒರೆಸಿ ಮತ್ತೆ ಬಳಸೋಣ ಅಂತ ಆಸೆ ಆಗಬಹುದು. ನಿಮ್ಮ ವಿಷಯದಲ್ಲಿ ನಾನು ಬೇಡ ಅನ್ನುತ್ತೇನೆ. ಒಮ್ಮೆ ಬಾಯಿ ಬಾಗಿದ ಕಾಲೆಟ್ ಸರಿಯಾದ ಬಿಟ್ಟನ್ನೂ ಸರಿಯಾಗಿ ಹಿಡಿಯುವುದಿಲ್ಲ. ಅದು ಸವೆಯಲೆಂದೇ ಇರುವ ಭಾಗ. ಸ್ಪಿಂಡಲ್ ಹಾಗಲ್ಲ, ಅದರ ಒಳಗಿನ ಇಳಿಜಾರು ಕೆಟ್ಟರೆ ಮೋಟಾರ್ ಬಿಚ್ಚಿ ಒಳಗೆ ತಿರುಗುವ ಭಾಗವಾದ ಆರ್ಮೇಚರನ್ನೇ ಬದಲಿಸಬೇಕಾಗುತ್ತದೆ. ಹಾಗಾಗಿ ಸ್ಪಿಂಡಲ್ ಬಾಯಿಗೆ ಎಮೆರಿ ಪೇಪರ್ ಹಾಕಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಬೆರಳಿಗೆ ಸುತ್ತಿ ತಿರುಗಿಸಿ, ಕಂದು ಬಣ್ಣ ಬರುವುದು ನಿಲ್ಲುವ ತನಕ. ಗಟ್ಟಿ ಕಲೆ ಇದ್ದರೆ ಹಿತ್ತಾಳೆ ಬ್ರಷ್. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿ ಎಣ್ಣೆಯ ಪಸೆ ಪೂರ್ತಿ ತೆಗೆಯಿರಿ. ತುಕ್ಕು ಹಿಡಿಯದಿರಲಿ ಅಂತ ಕಾಲೆಟ್ ಒಳಗೆ ಎಣ್ಣೆ ಸವರಿಡುವವರಿದ್ದಾರೆ. ಇಡಲಿ, ಆದರೆ ಕೆಲಸಕ್ಕೆ ತೆಗೆದಾಗ ಒರೆಸಲೇಬೇಕು, ಇಲ್ಲದಿದ್ದರೆ ಮತ್ತೆ ಬಿಟ್ ಜಾರುತ್ತದೆ, ಮತ್ತೆ ಪೈಪ್ ನೆನಪಾಗುತ್ತದೆ.

ಹೊಸ ಬಿಟ್ ಹಾಕುವಾಗ ತಳ ಮುಟ್ಟುವ ತನಕ ಒಳಗೆ ಬಿಟ್ಟು, ಅಲ್ಲಿಂದ ಸುಮಾರು 3 ಎಂಎಂ ಮೇಲಕ್ಕೆ ಎಳೆದು ಆಮೇಲೆ ಬಿಗಿ ಮಾಡಿ. ಬಿಗಿ ಮಾಡುವಾಗ ಕಾಲೆಟ್ ಬಿಟ್ಟನ್ನೂ ಸೇರಿಸಿಕೊಂಡು ಸ್ವಲ್ಪ ಕೆಳಗಿಳಿಯುತ್ತದೆ. ಬಿಟ್ ಮೊದಲೇ ತಳಕ್ಕೆ ತಾಗಿದ್ದರೆ ಇಳಿಯಲು ಜಾಗ ಇಲ್ಲದೆ ಹಿಡಿತ ಸುಳ್ಳಾಗುತ್ತದೆ. ಶ್ಯಾಂಕ್ ದಪ್ಪಗಾಗುತ್ತಾ ಅಲಗಿನ ತಲೆಗೆ ಸೇರುವ ಸೊಂಟ ಕಾಲೆಟ್ಟಿನ ಬಾಯೊಳಗೆ ಹೋಗಬಾರದು, ಹೋದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಶ್ಯಾಂಕಿನ ಮುಕ್ಕಾಲು ಭಾಗವಾದರೂ ಒಳಗಿದ್ದರೆ ಸಾಕು. ಬಿಟ್ ಇಲ್ಲದೆ ನಟ್ಟನ್ನು ಸುಮ್ನೆ ಬಿಗಿ ಮಾಡಿ ಇಡುವ ಅಭ್ಯಾಸ ಇದ್ದರೆ ಬಿಡಿ, ಖಾಲಿ ಕಾಲೆಟ್ ಕುಗ್ಗಿ ಕೂರುತ್ತದೆ. ನಿಮ್ಮ ಕಡೆಯ ಮಳೆಗೆ, ಒಂದು ವಾರ ಕೆಲಸ ಇಲ್ಲ ಅನ್ನಿಸಿದರೂ ಬಿಟ್ ಮತ್ತು ಕಾಲೆಟ್ ಎರಡನ್ನೂ ಕಳಚಿ ಮುಚ್ಚಳದ ಡಬ್ಬದಲ್ಲಿ ಹಾಕಿಡಿ.

ಪಕ್ಕದವರ ಸಿಎನ್‌ಸಿಯಲ್ಲಿ ಬಾಗಿಲು ಕೆತ್ತಿಸುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಒಂದು ಮಾತು. ಇಆರ್ ಕಾಲೆಟ್ಟನ್ನು ಸ್ಪಿಂಡಲ್ಲಿಗೆ ಇಟ್ಟು ಮೇಲೆ ನಟ್ಟು ಹಾಕುವುದಲ್ಲ. ಮೊದಲು ಕಾಲೆಟ್ಟನ್ನು ಓರೆ ಮಾಡಿ ನಟ್ಟಿನೊಳಗೆ ‘ಕ್ಲಿಕ್’ ಅನ್ನುವ ಹಾಗೆ ಕೂರಿಸಬೇಕು, ಆಮೇಲೆ ಎರಡನ್ನೂ ಸೇರಿಸಿ ಸ್ಪಿಂಡಲ್ಲಿಗೆ. ಇಲ್ಲದಿದ್ದರೆ ಬಿಚ್ಚುವಾಗ ನಟ್ಟು ಅದನ್ನು ಎಳೆಯುವುದೇ ಇಲ್ಲ.

ನಿಮ್ಮದಕ್ಕೆ ಎರಡು ರಾತ್ರಿ ಎಣ್ಣೆ, ಎರಡು ಸಲ ಬಿಸಿಗಾಳಿ ಆದ ಮೇಲೂ ಅಲ್ಲಾಡದಿದ್ದರೆ ಅಲ್ಲಿಗೆ ನಿಲ್ಲಿಸಿ, ಕಂಪನಿಯ ಸರ್ವೀಸ್ ಸೆಂಟರಿಗೆ ಕಳಿಸಿ. ಹೊಸ ಕಾಲೆಟ್ ತರಲು ಹೋದಾಗ ಮಷಿನ್ನಿನ ಮಾಡೆಲ್ ನಂಬರ್ ಬರೆದುಕೊಳ್ಳಿ, ಹಳೇ ಕಾಲೆಟ್ ಮತ್ತು ನಟ್ಟನ್ನೂ ಜೊತೆಗೆ ಒಯ್ಯಿರಿ. ನೋಡಲು ಒಂದೇ ಥರ ಇರುವ ಕಾಲೆಟ್‌ಗಳ ಇಳಿಜಾರು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ ಕೊಳ್ಳುವುದಾದರೆ, ಅಲ್ಲೇ ನಟ್ಟಿಗೆ ಕೂರಿಸಿ, ನಿಮ್ಮದೇ ಒಂದು ಅರ್ಧ ಇಂಚಿನ ಬಿಟ್ಟನ್ನು ತೂರಿಸಿ ನೋಡಿ. ಬಿಗಿ ಮಾಡುವ ಮುಂಚೆ ಬಿಟ್ ಕೈಯಲ್ಲಿ ಒತ್ತಿದರೆ ಹೋಗಬೇಕು, ಆದರೆ ಒಳಗೆ ಗಡಗಡ ಆಡಬಾರದು. 12 ಎಂಎಂ ಬಿಟ್ಟುಗಳು ಇನ್ನೂ ಇದ್ದರೆ ಅದಕ್ಕೊಂದು 12ರ ಕಾಲೆಟ್ ನಿಮ್ಮ ಮಷಿನ್ನಿಗೆ ಸಿಗುತ್ತದೆಯೇ ಅಂತ ಅದೇ ಅಂಗಡಿಯಲ್ಲಿ ಕೇಳಿ.